ಮೆಟ್ಟಿಲ ಮೇಲೆ ಸೆರಗಣ್ಣ

ಜವಳಿ ಅಂಗಡಿಯಲ್ಲಿ ಸೆರಗಣ್ಣ ಇಪ್ಪತ್ತಾರು ವರ್ಷದಿಂದ ಸೀರೆ ಉಡುತ್ತಿದ್ದಾನೆ. ಹೌದು, ತಾನೇ ಉಡುತ್ತಾನೆ. ಕೊಳ್ಳಲು ಬಂದವರು ಮೀನಮೇಷ ಎಣಿಸಿದರೆ ಸಾಕು, ಪ್ಯಾಂಟಿನ ಮೇಲೆಯೇ ಬೆಲ್ಟಿಗೆ ಸಿಕ್ಕಿಸಿ, ಸರಸರನೆ ನೆರಿಗೆ ಹಿಡಿದು, ಸೆರಗು ಹೊದ್ದು ನಿಲ್ಲುತ್ತಾನೆ. ಸೆರಗು ಬಲಹೆಗಲಿಂದ ಮುಂದಕ್ಕೆ ಇಳಿಯಬೇಕೆ, ನೆರಿಗೆ ಬೆನ್ನ ಹಿಂದೆ ಬರಬೇಕೆ, ಕಚ್ಚೆ ಹಾಕಬೇಕೆ, ಯಾವ ಸೀಮೆಯ ಉಡಿಗೆಯಾದರೂ ಎರಡೇ ನಿಮಿಷ. ಮೀಸೆ ಹೊತ್ತ ಆ ಸುಂದರಿಯನ್ನು ನೋಡಿ ನಗುನಗುತ್ತಲೇ ಜನ ಸೀರೆ ಕೊಳ್ಳುತ್ತಾರೆ.

ನಗದವಳು ಮಗಳೊಬ್ಬಳೇ. ಶಾಲೆಯಲ್ಲಿದ್ದಾಗ ಗೆಳತಿಯರು ಒಮ್ಮೆ ಆಡಿಕೊಂಡರು. ಅಂದಿನಿಂದ ಅವಳು ಅಂಗಡಿಯ ಬೀದಿಗೇ ಕಾಲಿಡಲಿಲ್ಲ. ತಾಯಿಯಿಲ್ಲದ ಮಗಳು ತನ್ನಿಂದ ತಲೆತಗ್ಗಿಸುವಂತಾಯಿತಲ್ಲ ಎಂದು ಸೆರಗಣ್ಣ ಒಳಗೊಳಗೇ ಕೊರಗಿದ.

ಈಗ ಅವಳಿಗೆ ಟೀಚರ್ ಕೆಲಸ ಸಿಕ್ಕಿತು. ಸೋಮವಾರ ಸೇರಬೇಕು, ಸೀರೆ ಕಡ್ಡಾಯ. ಭಾನುವಾರ ಬೆಳಿಗ್ಗೆ ಸೀರೆ ಹಿಡಿದು ಬಂದಳು.

"ಅಪ್ಪಾ, ಕಲಿಸ್ತೀಯಾ?"

ಸೆರಗಣ್ಣನಿಗೆ ಸ್ವರ್ಗಕ್ಕೆ ಮೂರೇ ಗೇಣು. ಅವನು ಹೇಳಿದಂತೆಯೇ ಅವಳು ಉಟ್ಟಳು. ನಾಲ್ಕು ಹೆಜ್ಜೆ ಇಟ್ಟಳೋ ಇಲ್ಲವೋ, ನೆರಿಗೆಯೆಲ್ಲ ಪಾದದ ಮೇಲೆ ಬಿತ್ತು. ಅವನಿಗೆ ಆಗ ಹೊಳೆಯಿತು: ಅಂಗಡಿಯಲ್ಲಿ ಉಟ್ಟದ್ದೆಲ್ಲ ನಿಂತು ತೋರಿಸುವುದಕ್ಕೆ. ಒಂದು ಸೀರೆಯಲ್ಲೂ ಅವನು ಹತ್ತು ಹೆಜ್ಜೆ ನಡೆದವನಲ್ಲ.

"ನಿಮ್ಮ ಶಾಲೇಲಿ ಮೆಟ್ಟಿಲಿದ್ಯಾ?"

"ಮೂರು ಮಹಡಿ, ಅಪ್ಪಾ."

ಅವಳದೇ ಒಳಲಂಗವನ್ನು ಪ್ಯಾಂಟಿನ ಮೇಲೆ ಬಿಗಿದು, ಇನ್ನೊಂದು ಸೀರೆ ಉಟ್ಟು, ಮನೆಯ ಹೊರಗಿನ ಮೆಟ್ಟಿಲು ಹತ್ತಿದ. ಎಡವಿದ. ಮತ್ತೆ ಹತ್ತಿದ, ಸೆರಗು ಜಾರಿತು. ಅಂಚನ್ನು ಎರಡು ಬೆರಳು ಮೇಲಕ್ಕೆತ್ತಿ, ನೆರಿಗೆ ಆಳವಾಗಿ ಸಿಕ್ಕಿಸಿ, ಹೆಗಲಿಗೆ ಪಿನ್ನು ಚುಚ್ಚಿ ಮೂರನೇ ಸಲ ಹೊರಡುವಷ್ಟರಲ್ಲಿ ಅಕ್ಕಪಕ್ಕದ ಬಾಗಿಲೆಲ್ಲ ತೆರೆದಿದ್ದವು.

"ಏನಣ್ಣಾ ಇದು ಅವತಾರ?" ಎದುರುಮನೆಯಾಕೆ ಬಿದ್ದು ಬಿದ್ದು ನಕ್ಕಳು.

ಸೆರಗಣ್ಣ ಇಂಗು ತಿಂದ ಮಂಗನಂತಾದ. ಮಗಳತ್ತ ನೋಡುವ ಧೈರ್ಯವಾಗಲಿಲ್ಲ. ಇಷ್ಟು ಹೊತ್ತಿಗೆ ಒಳಗೆ ಓಡಿ ಬಾಗಿಲು ಹಾಕಿಕೊಂಡಿರುತ್ತಾಳೆ ಎಂದುಕೊಂಡ.

ಅವಳೋ ಅವನಂತೆಯೇ ನೆರಿಗೆ ಸಿಕ್ಕಿಸಿಕೊಂಡು ಹಿಂದೆಯೇ ಹತ್ತಿ ಬಂದಳು.

"ಅಕ್ಕಾ, ನಮ್ಮಪ್ಪ ನಂಗೆ ಸೀರೆ ಉಡೋದು ಕಲಿಸ್ತಿದಾರೆ. ನಿಮಗೂ ಬರದೇ ಇರೋದು ಏನಾದ್ರೂ ಇದ್ರೆ ಬಂದು ಕೇಳ್ಕೊಳ್ಳಿ!" ಎಂದಳು, ಬೀದಿಗೆಲ್ಲ ಕೇಳುವಂತೆ.

ಸೆರಗಣ್ಣ ಕಣ್ಣೊರೆಸಿಕೊಳ್ಳಲು ಸೆರಗನ್ನೇ ಎಳೆದ.

"ಮೆಲ್ಲಗೆ ಅಪ್ಪಾ, ಪಿನ್ನು ಕಿತ್ಕೊಂಡ್ ಬರತ್ತೆ!" ಎಂದು ಮಗಳು ಗದರಿದಳು.