ತುರ್ತು ಬಾಗಿಲಿನ ಚಪ್ಪಲಿ

ಸ್ನೇಹಿತರೇ, ಇವತ್ತು ನಮ್ಮ ಡಯಾಲಿಸಿಸ್ ಸೆಂಟರಿನಲ್ಲಿ ಮೆಷಿನ್‌ಗೆ ಜೋಡಿಸುವ ಮೊದಲು, ಬೆಂಕಿ ಬಿದ್ದರೆ ಹೊರಗೆ ಹೋಗುವ ಅಭ್ಯಾಸ ಮಾಡಿಸಿದರು. ಸೈರನ್ ಕೂಗಿತು. ರೋಗಿಗಳೆಲ್ಲ ತುರ್ತು ಬಾಗಿಲಿಗೆ ಹೋದೆವು. ಹೊರಗೆ ಕಟ್ಟಡದ ಮಾಲೀಕರ ಕಣ, ಅದರ ತುಂಬ ಒಣಹಾಕಿದ ಕಾಫಿ. ಎಲ್ಲರಿಗಿಂತ ಮುಂದಿದ್ದವರು ಪಾಲಿಬೆಟ್ಟದ ಬೆಳೆಗಾರ ಪೂವಯ್ಯನವರು. ಹೊಸ್ತಿಲಲ್ಲೇ ನಿಂತು, ವಾರ್ಡಿನಲ್ಲಿ ಕೊಟ್ಟಿದ್ದ ಚಪ್ಪಲಿ ಬಿಚ್ಚತೊಡಗಿದರು. ಹಿಂದಿದ್ದ ನಾವೂ ಬಗ್ಗಿದೆವು.

ಅಭ್ಯಾಸ ಮಾಡಿಸಲು ಬಂದಿದ್ದ ಫೈರ್ ಆಫೀಸರ್ ಕೇಳಿದರು, "ನಿಜವಾಗ್ಲೂ ಬೆಂಕಿ ಬಿದ್ರೂ ಹೀಗೇ ಮಾಡ್ತೀರಾ?"

"ಕುಡಿಯೋ ವಸ್ತು ಸಾರ್, ಚಪ್ಪಲೀಲಿ ತುಳಿಯೋಕಾಗುತ್ತಾ?" ಎಂದರು ಪೂವಯ್ಯ.

ಡಯಾಲಿಸಿಸ್ ಮುಗಿಸಿ ಹೊರಡುವಾಗ ನೋಡಿದೆ. ಕಾಫಿ ಅಲ್ಲೇ ಇದೆ. ತುರ್ತು ಬಾಗಿಲ ಪಕ್ಕದಲ್ಲಿ ಹೊಸದೊಂದು ಚಪ್ಪಲಿ ಸ್ಟ್ಯಾಂಡ್ ಬಂದಿದೆ.

ಬೆಂಕಿ ಬಿದ್ದರೂ ಕಾಫಿಗಂತೂ ಏನೂ ಆಗುವುದಿಲ್ಲ.