ಹೂವಪ್ಪನ ಬಾಯಿ, ವೀರವ್ವನ ಬಣ್ಣ

ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳು ಎಲೆಯೊಂದೂ ಅಲುಗದ ದಿನ ಕೂಡ ಒಮ್ಮೊಮ್ಮೆ ತಿರುಗುವುದುಂಟು. ಅಂಥ ದಿನ ಊರವರು ಕತ್ತೆತ್ತಿ ನೋಡಿ, "ಹೂವಪ್ಪ ಗುಡ್ಡದ ಕಡೆ ಹೋಗ್ಯಾನ, ಯಾರ ಕೂಡೋ ಮಾತಾಡಾಕ ಹತ್ಯಾನ" ಎಂದು ತಮ್ಮ ಕೆಲಸಕ್ಕೆ ಮರಳುತ್ತಾರೆ.

ಹೂವಪ್ಪನದು ಸುಳ್ಳು ಹೇಳುವ ಬಾಯಲ್ಲ, ಚಾಡಿ ಹೇಳುವ ಬಾಯಿಯೂ ಅಲ್ಲ. ಕಣ್ಣಿಗೆ ಬಿದ್ದದ್ದು ಬಾಯಿಂದ ಹೊರಗೆ ಬೀಳಬೇಕು, ಅಷ್ಟೇ. ನಡುವೆ ಒಂದು ಬಾಗಿಲು, ಬಾಗಿಲಿಗೊಂದು ಅಗಳಿ ಇಡುವುದನ್ನು ಸೃಷ್ಟಿಕರ್ತ ಮರೆತಿದ್ದ. ನರೇಗಲ್ಲಿನ ಬಸ್ಸು ಹತ್ತಿದನೆಂದರೆ ಶುರು. "ಅಕಾ, ಎಮ್ಮಿ ಅಡ್ಡ ಬಂತು. ಮುಂದಿನ ಸೀಟಿನ ಯಜಮಾನ್ರು ಬಾಯಿ ತಗದು ಮಲಗ್ಯಾರ, ಮ್ಯಾಲಿನ ಹಲ್ಲು ಅದಾವ, ಕೆಳಗಿನವು ಇಲ್ಲ. ಅಲ್ನೋಡ್ರಿ, ಆ ಮನಿಗೆ ಎಂಥಾ ಬಣ್ಣ ಹೊಡದಾರ, ಥೂ!" ಕಂಡದ್ದರ ವರದಿ ಒಂದು, ಅದರ ಮೇಲೆ ತೀರ್ಪು ಇನ್ನೊಂದು. ಅರ್ಧ ದಾರಿ ಸವೆಯುವಷ್ಟರಲ್ಲಿ ಅವನ ಪಕ್ಕದ ಸೀಟು ಖಾಲಿಯಾಗಿರುತ್ತಿತ್ತು. ಹೆಂಡತಿ ಮುದುಕವ್ವ ದೀಪಕ್ಕೆಂದು ಹೊಸೆದ ಹತ್ತಿಯ ಬತ್ತಿಗಳಲ್ಲಿ ಎರಡನ್ನು ಕಿವಿಗೆಂದು ಎತ್ತಿಡುತ್ತಾಳೆ ಎಂದು ಓಣಿಯಲ್ಲಿ ಸುದ್ದಿ.

ಹೋದ ವರ್ಷ ನರೇಗಲ್ಲಿನಲ್ಲಿ ಕಣ್ಣಿನ ಶಿಬಿರ ನಡೆಯಿತು. ದೃಷ್ಟಿ ಹೋದವರಿಗೆ ಕೋಲು ಹಿಡಿದು ನಡೆಯುವುದನ್ನು ಕಲಿಸುವ ಸೈರಾಬಾನು ಎಂಬ ಶಿಕ್ಷಕಿ ಅಲ್ಲಿಗೆ ಬಂದಿದ್ದರು. ಕೈಹಿಡಿದು ಕರೆದೊಯ್ಯುವ ಸ್ವಯಂಸೇವಕರು ಸಾಲದಾದಾಗ, ಕಡಲೆ ರಾಶಿ ಮುಗಿಸಿ ಸುಮ್ಮನೆ ತಿರುಗುತ್ತಿದ್ದ ಹೂವಪ್ಪ ಮುಂದೆ ಬಂದ. ಅವನ ಪಾಲಿಗೆ ಬಂದವಳು ಅವನದೇ ಊರಿನ ವೀರವ್ವ. ಹುಟ್ಟಾ ನೇಕಾರ್ತಿ, ಗ್ಲಾಕೋಮಾ ಎಂಬ ರೋಗ ಸದ್ದಿಲ್ಲದೆ ಬಂದು ಎರಡೂ ಕಣ್ಣಿನ ಬೆಳಕನ್ನು ಒಯ್ದಿತ್ತು. ಹೂವಪ್ಪ ಅವಳ ಮುಂಗೈ ಹಿಡಿದು ದರದರನೆ ಎಳೆದುಕೊಂಡು ಹೊರಟ.

"ಹೂವಪ್ಪಾರ, ಎತ್ತು ಜಗ್ಗಿಕೊಂಡು ಹೊಂಟೀರೇನು?" ಎಂದು ಸೈರಾಬಾನು ತಡೆದರು. "ನೀವು ಅವರನ್ನ ಹಿಡಿಯೂದಲ್ಲ, ಅವರು ನಿಮ್ಮ ಮೊಣಕೈ ಹಿಡೀಬೇಕು. ನೀವು ಅರ್ಧ ಹೆಜ್ಜಿ ಮುಂದ ಇರ್ರಿ. ದಾರ್ಯಾಗ ಏನೇನೈತಿ ಎಲ್ಲಾ ಹೇಳಕೋಂತ ಹೋಗ್ರಿ."

"ಎಲ್ಲಾನೂ?"

"ಎಲ್ಲಾನೂ."

ಭಗೀರಥ ಗಂಗೆಯನ್ನು ಬಾ ಎಂದು ಕರೆದ ಮೇಲೆ ಅಷ್ಟು ದೊಡ್ಡ ಹರಿವನ್ನು ಯಾರೂ ಕೈಯಾರೆ ಕರೆದುಕೊಂಡಿರಲಿಲ್ಲ. ಹೂವಪ್ಪ ಬಾಯಿ ಬಿಟ್ಟ. ಮೆಟ್ಟಿಲು, ಚರಂಡಿ, ಮಲಗಿದ ನಾಯಿ, ನಾಯಿಯ ಕಿವಿಯ ಮೇಲಿನ ನೊಣ ಎಲ್ಲವೂ ಬಂದವು. ವೀರವ್ವ ಬಹಳ ದಿನಗಳ ಮೇಲೆ ನಕ್ಕಳು. "ಯಣ್ಣಾ, ನೊಣ ಹಾರಿತೇನು ನೋಡು" ಎಂದಳು. ಅಂದಿನಿಂದ ಸಂತೆಯಿರಲಿ, ದವಾಖಾನೆಯಿರಲಿ, ಅವಳು ಹೊರಟರೆ ಹೂವಪ್ಪನ ಮೊಣಕೈ ಬಾಗಿಲಲ್ಲಿ ಹಾಜರು.

ಅಷ್ಟರಲ್ಲಿ ಅವಳ ಮಗಳು ಬನಶ್ರೀಯ ಮದುವೆ ನಿಶ್ಚಯವಾಯಿತು. ಆ ಮನೆಯಲ್ಲಿ ಮದುಮಗಳ ಸೀರೆಯನ್ನು ಮನೆಯ ಮಗ್ಗದಲ್ಲೇ ನೇಯಬೇಕು. ಅದರ ಒಡಲಿಗೂ ಅಂಚಿನ ದಡಿಗೂ ನೂಲಿನ ಬಣ್ಣವನ್ನು ಹೆತ್ತ ತಾಯಿಯೇ ಆರಿಸಬೇಕು. ನೇಯುವವನು ಮಗ ಕಳಕೇಶ.

"ಯವ್ವಾ, ನೀ ಯಾಕ ತ್ರಾಸ ತಗೋತಿ? ನೂಲು ನಾ ತರ್ತೀನಿ."

"ಬಣ್ಣ ನಾ ಆರಸ್ತೀನಿ."

"ಕಾಣಬೇಕಲ್ಲ ಬೇ?"

ಮಗ ಕೆಟ್ಟದ್ದು ಎಣಿಸಿ ಅಂದದ್ದಲ್ಲ. ಆದರೆ ಕಣ್ಣು ಹೋದ ಮೇಲೆ ಆ ಮನೆಯಲ್ಲಿ ಅವಳನ್ನು ಕೇಳುವುದು ಒಂದೊಂದಾಗಿ ನಿಂತಿತ್ತು. ಮೊದಲು ಮಗ್ಗದ ಮಾತು, ಆಮೇಲೆ ಅಡುಗೆಯದು, ಕಡೆಗೆ ಮದುವೆಯ ಮುಹೂರ್ತವೂ ಅವಳನ್ನು ಕೇಳದೆ ಗೊತ್ತಾಗಿತ್ತು. ಇದೊಂದೂ ಹೋದರೆ ಗೋಡೆಗೆ ಆನಿಸಿಟ್ಟ ಜೋಳದ ಚೀಲಕ್ಕೂ ತನಗೂ ಏನು ಅಂತರ ಎಂದು ಅವಳು ಆ ದಿನ ಉಣ್ಣಲಿಲ್ಲ. ಮರುದಿನ ಹೂವಪ್ಪನ ಮೊಣಕೈ ಹಿಡಿದು ಚಂದ್ರಶೇಖರಪ್ಪನ ನೂಲಿನ ಅಂಗಡಿಗೆ ನಡೆದಳು. ಹಿಂದೆ ಕೈಕಟ್ಟಿಕೊಂಡು ಕಳಕೇಶ. ಎದುರಿನ ಚಹಾದಂಗಡಿಯಲ್ಲಿ ಕಪ್ಪು ಹಿಡಿದು ಕುಳಿತ ನಾವೆಲ್ಲ ನೋಡುತ್ತಿದ್ದೆವು.

ಅಂಗಡಿಯ ಕಟ್ಟೆಯ ಕೆಳಗೆ ಅವಳು ನಿಂತಳು. "ಯಣ್ಣಾ, ಇದ್ದದ್ದನ್ನ ಹೇಳು. ಚಲೋ ಐತಿ, ಚಲೋ ಇಲ್ಲ ಅನ್ನಬ್ಯಾಡ. ಅದು ನನ್ನ ಕೆಲಸ."

ಹೂವಪ್ಪನ ಮುಖ ಹುಳಿತ ಅಂಬಲಿ ಕುಡಿದಂತಾಯಿತು. ತೀರ್ಪಿಲ್ಲದ ವರದಿ ಅವನು ಜನ್ಮದಲ್ಲಿ ಕೊಟ್ಟವನಲ್ಲ.

ಚಂದ್ರಶೇಖರಪ್ಪ ನೂಲಿನ ಲಡಿಗಳನ್ನು ಹರವಿ, "ಅವರಿಗೆ ಯಾವುದು ಬೇಕಂತ ಹೂವಪ್ಪ?" ಎಂದ.

"ನನ್ನ ಮಾರಿ ಯಾಕ ನೋಡ್ತೀರ್ರಿ? ಅವರು ಇಲ್ಲೇ ಅದಾರ. ಅವರನ್ನ ಕೇಳ್ರಿ."

ಕಟ್ಟೆಯ ಮೇಲೆ ಕುಳಿತ ವೀರವ್ವನ ಕೈಗೆ ಒಂದೊಂದೇ ಲಡಿ ಬಂತು. ಹೂವಪ್ಪ ಹೇಳುತ್ತ ಹೋದ. "ಇದು ಕೆಂಪು, ಒಣಗಿದ ಬ್ಯಾಡಗಿ ಮೆಣಸಿನಕಾಯಿ. ಇದು ಹಸರು, ಎಳೀ ಕಡ್ಲಿಗಿಡದ ಮ್ಯಾಲ ಮುಂಜಾನೆ ಹುಳಿ ಹನಿ ಕುಂತಿರತಾವಲ್ಲ, ಆ ಹಸರು. ಇದು ಕುಸುಬಿ ಹೂವು, ಇವತ್ತು ಅರಳಿದ್ದಲ್ಲ, ಬಾಡಿ ಕೆಂಪಿಗೆ ತಿರಗಾಕ ಹತ್ತಿದ್ದು. ಇದು ಬದನಿಕಾಯಿ."

"ಯಾವ ಬದನಿಕಾಯಿ?"

"ಎಳೇದು. ತೊಟ್ಟಿನ ಬುಡದಾಗ."

"ಬಿಸಲಿಗೆ ಹಿಡಿ."

"ಬಿಸಲಾಗ ಒಳಗ ಚೂರು ನೀಲಿ ಮಿಂಚತೈತಿ."

ವೀರವ್ವ ಲಡಿಯನ್ನು ಕೆನ್ನೆಗೆ ಒತ್ತಿಕೊಂಡಳು. ಅವಳ ರೆಪ್ಪೆಗಳ ಹಿಂದೆ ಒಂದು ಸೀರೆ ಉದ್ದಕ್ಕೂ ಬಿಚ್ಚಿಕೊಳ್ಳುತ್ತಿರುವುದು ಬೀದಿಯ ಆಚೆಯಿಂದ ನಮಗೂ ಗೊತ್ತಾಗುತ್ತಿತ್ತು. ಚಹಾ ಆರಿತು. ಯಾರೂ ಕುಡಿಯಲಿಲ್ಲ.

"ಒಡಲಿಗೆ ಬದನಿಕಾಯಿ. ದಡಿಗೆ ಕುಸುಬಿ."

"ಏನಂತಿ ಹೂವಪ್ಪ?" ಎಂದ ಚಂದ್ರಶೇಖರಪ್ಪ. ಕಳಕೇಶನೂ ಅವನ ಮುಖ ನೋಡಿದ.

ಹೂವಪ್ಪನ ಬಾಯಿ ತೆರೆಯಿತು. ಗಂಟಲ ಮಣಿ ಮೇಲೆ ಹೋಯಿತು, ಕೆಳಗೆ ಬಂತು. ಹಣೆಯಲ್ಲಿ ಬೆವರೊಡೆಯಿತು. ಶಿವ ಹಾಲಾಹಲವನ್ನು ಕಂಠದಲ್ಲೇ ನಿಲ್ಲಿಸಿಕೊಂಡನೆಂದು ಕೇಳಿದ್ದೆವು. ಕಣ್ಣಾರೆ ಕಂಡದ್ದು ಅಂದು. ಬಾಯಿ ಮುಚ್ಚಿತು.

"ಯವ್ವಾ, ಬದನಿಕಾಯಿಗೆ ಕುಸುಬಿ ದಡಿ ಯಾರೂ ಹಾಕೂದಿಲ್ಲ ಬೇ" ಎಂದ ಕಳಕೇಶ.

"ನಾ ಹಾಕ್ತೀನಿ. ನೀ ನೇಯ್ತಿಯೋ ಇಲ್ಲೋ ಹೇಳು."

ಕಳಕೇಶ ಎರಡೂ ಲಡಿಗಳನ್ನು ಬಿಸಿಲಿಗೆ ಒಯ್ದು ಒಂದರ ಮಗ್ಗುಲಿಗೆ ಒಂದನ್ನು ಹಿಡಿದ. ಬಹಳ ಹೊತ್ತು ನೋಡಿದ. ಮರಳಿ ಬಂದು ತಾಯಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತ.

"ದಡಿ ಎಷ್ಟು ಬೆರಳು ಇರಲಿ, ಯವ್ವಾ?"

ವೀರವ್ವ ಮಗನ ಕೈಯನ್ನು ತಡವಿ ಹಿಡಿದು, ಅದರ ಮೇಲೆ ತನ್ನ ನಾಲ್ಕು ಬೆರಳು ಜೋಡಿಸಿಟ್ಟಳು.

ಅವರು ಮನೆ ಸೇರಿದ ಮೇಲೆ ನಾವು ಹೂವಪ್ಪನನ್ನು ಚಹಾದಂಗಡಿಯಲ್ಲಿ ಮುತ್ತಿಕೊಂಡೆವು. ಎಂಥ ತಪಸ್ಸು, ಎಂಥ ಸಂಯಮ, ಆ ಗಳಿಗೆಯಲ್ಲಿ ನಿನ್ನೊಳಗೆ ಯಾವ ದೇವರು ಬಂದು ಕುಳಿತಿದ್ದ ಎಂದು ಕೇಳಿದೆವು.

ಹೂವಪ್ಪ ಕಪ್ಪಿನ ಕೆಳಗಿನ ಬಸಿಗೆ ಚಹಾ ಸುರುವಿಕೊಂಡ.

"ದೇವರಲ್ಲ, ಗೀವರಲ್ಲ ಬಿಡ್ರಿ. ಆ ಬಣ್ಣ ನನಗ ಒಟ್ಟ ಸೇರಲಿಲ್ಲ. ಆದ್ರ ಬಾಯಿ ಹಾಕಿದ್ರ ಆಕಿ ಮತ್ತ ನನ್ನ ಕೂಡ ಬರತಿದ್ದಿಲ್ಲ. ಈ ಊರಾಗ ನನ್ನ ಮಾತು ಪೂರಾ ಕೇಳವರು ಆಕಿನ್ನ ಬಿಟ್ರ ಬ್ಯಾರೇ ಯಾರದಾರ್ರಿ?"