ಸಾಕ್ಷಿಯ ಉಳಿದರ್ಧ

ಮೊದಲ ಭಾನುವಾರ ನಾನು ಚರ್ಚಿನ ಬಾಗಿಲಲ್ಲೇ ಶೂ ಬಿಚ್ಚಿಟ್ಟು ಒಳಗೆ ಹೋದೆ. ನನ್ನ ಹಿಂದೆ ಬಂದ ಸುವಾರ್ತಾಳೂ ಬಿಚ್ಚಿದಳು. ಕಲ್ಲುನೆಲದ ತಣುಪು ಕಾಲುಚೀಲ ದಾಟಿ ಮೂಳೆಗೆ ಇಳಿಯಿತು. ಎರಡನೆಯ ಕೀರ್ತನೆ ಹಾಡುವಾಗ ಒಬ್ಬ ಅಜ್ಜಿ ನಮ್ಮ ಶೂಗಳನ್ನು ಎದೆಗವಚಿಕೊಂಡು ಬಂದು ಬೆಂಚಿನ ಕೆಳಗಿಟ್ಟು, ಕನಿಕರದಿಂದ ನಮ್ಮ ಪಾದಗಳನ್ನು ನೋಡಿದರು. ಕಾಲಿಗೇನೋ ಗಾಯವಾಗಿದೆ ಎಂದುಕೊಂಡಿದ್ದರಂತೆ. ಆಗಲೇ ನಾನು ಸುತ್ತ ನೋಡಿದ್ದು. ಎಲ್ಲರೂ ಬೂಟು ಹಾಕಿಕೊಂಡೇ ದೇವರ ಮುಂದೆ ಕೂತಿದ್ದರು. ತಲೆಯ ಮೇಲೆ ದುಪಟ್ಟಾ ಎಳೆದುಕೊಂಡವರು ನಾವಿಬ್ಬರೇ.

"ಲೇ, ಎಲ್ಲಾರೂ ನಮ್ಮನ್ನೇ ನೋಡ್ತಾ ಅವ್ರೆ. ಹಾಕ್ಕಳಾಣ್ವಾ?" ಎಂದು ಸುವಾರ್ತಾ ಪಿಸುಗುಟ್ಟಿದಳು.

"ಈಗ ಹಾಕ್ಕಂಡ್ರೆ ಇನ್ನೂ ನೋಡ್ತಾರೆ. ಸುಮ್ನಿರು."

ಪ್ರಾರ್ಥನೆ ಮುಗಿಯುವವರೆಗೂ ಬರೀ ಕಾಲುಚೀಲದಲ್ಲೇ ಕೂತೆವು.

ನಾವಿಬ್ಬರೂ ಚಿತ್ರದುರ್ಗದಲ್ಲಿ ಎಂ.ಎ. ಓದುತ್ತಿದ್ದವರು. ಅವಳದು ಹೊಳಲ್ಕೆರೆ, ನನ್ನದು ಹಿರಿಯೂರು. ಕ್ರೈಸ್ತ ವಿದ್ಯಾರ್ಥಿಗಳ ಅಧ್ಯಯನ ಪ್ರವಾಸವೊಂದಕ್ಕೆ ಆಯ್ಕೆಯಾಗಿ ಜರ್ಮನಿಯ ದಕ್ಷಿಣದ ಈ ಸಣ್ಣ ಊರಿಗೆ ಬಂದೆವು. ಬೆಳಿಗ್ಗೆ ಬೈಬಲ್ ಮತ್ತು ಭಾಷೆಯ ತರಗತಿ, ಮಧ್ಯಾಹ್ನ ವೃದ್ಧಾಶ್ರಮದಲ್ಲಿ ಸೇವೆ. ವಸಂತ ಬರುವವರೆಗೆ ಇದೇ ದಿನಚರಿ.

ಗಿಜೆಲಾ ಎಂಬ ವಯಸ್ಸಾದ ಹೆಂಗಸಿನ ಮನೆಯ ಮೇಲಂತಸ್ತಿನಲ್ಲಿ ನಮಗೆ ಒಂದೊಂದು ಕೋಣೆ ಕೊಟ್ಟರು. ಹಿರಿಯೂರಿನ ನಮ್ಮ ಮನೆಯಲ್ಲಿ ನಾನು ನಡುಮನೆಯಲ್ಲಿ ತಂಗಿಯರ ಜೊತೆ ಮಲಗುವವಳು. ಅಲ್ಲಿ ಹಗಲಲ್ಲಿ ಬಾಗಿಲು ಹಾಕಿಕೊಂಡರೆ "ಏನಾತು, ಮೈಗೆ ಹುಷಾರಿಲ್ವ?" ಎಂದು ಯಾರಾದರೂ ಬಡಿಯುತ್ತಾರೆ. ಇಲ್ಲಿ ಬಾಗಿಲು ಹಾಕಿದರೆ ಯಾರೂ ಬಡಿಯುವುದಿಲ್ಲ. ಮೊದಲ ಕೆಲವು ದಿನ ಅದೇ ಭಯವಾಯಿತು. ಆಮೇಲೆ ಅದರ ರುಚಿ ಹತ್ತಿತು. ಓದುತ್ತಾ ಓದುತ್ತಾ ಸಂಜೆಯಾಗಿ, ಇಡೀ ದಿನ ಯಾರಿಗೂ ಉತ್ತರ ಕೊಡಬೇಕಾಗಿ ಬರಲಿಲ್ಲ ಎಂಬುದು ಹೊಳೆದಾಗ ನನಗೆ ನಾಚಿಕೆಯಾಗುವಷ್ಟು ಸಂತೋಷವಾಗುತ್ತಿತ್ತು.

ಊಟದ ವಿಷಯದಲ್ಲಿ ಅಷ್ಟು ಸುಲಭವಾಗಲಿಲ್ಲ. ಸಂಜೆಯ ಊಟಕ್ಕೆ ಇಲ್ಲಿ ಫೆಸ್ಪರ್ ಎನ್ನುತ್ತಾರೆ. ಗಟ್ಟಿ ಬ್ರೆಡ್ಡು, ಚೀಸು, ಉಪ್ಪಿನಲ್ಲಿ ನೆನೆಸಿದ ಸೌತೆ. ಒಲೆ ಹಚ್ಚುವುದೇ ಇಲ್ಲ. ಬಿಸಿ ಇಲ್ಲದ್ದನ್ನು ಊಟ ಎಂದು ನನ್ನ ಹೊಟ್ಟೆ ಇವತ್ತಿಗೂ ಒಪ್ಪಿಲ್ಲ.

ಮನೆಯಲ್ಲಿ ಕೇರ್‌ವೋಖೆ ಎಂಬ ಪದ್ಧತಿಯೂ ಇತ್ತು, ಗುಡಿಸುವ ವಾರ ಎಂದರ್ಥ. ಸರದಿ ಬಂದವರ ಬಾಗಿಲಿಗೆ ಒಂದು ಮರದ ಹಲಗೆ ನೇತುಹಾಕುತ್ತಾರೆ. ಆ ವಾರ ಮೆಟ್ಟಿಲೂ ಮನೆ ಮುಂದಿನ ದಾರಿಯೂ ಅವರ ಪಾಲು. ನನ್ನ ಸರದಿ ಬಂದಾಗ ನಾನು ಮನೆಯಲ್ಲಿ ಮಾಡುವ ಹಾಗೆಯೇ ಮಾಡಿದೆ: ಬಕೆಟ್ ತುಂಬಿಸಿ ಮೇಲಿನ ಮೆಟ್ಟಿಲಿನಿಂದ ನೀರು ಸುರಿದು ಪೊರಕೆಯಿಂದ ತಳ್ಳಿದೆ. ಮರದ ಮೆಟ್ಟಿಲು. ನೀರು ಕೆಳಗಿಳಿದು ಗಿಜೆಲಾರ ರತ್ನಗಂಬಳಿ ಸೇರಿತು.

"ನಿಮ್ಮೂರ ವೇದಾವತಿ ಹೊಳೇನೇ ಹರಿಸಿಬಿಟ್ಯಲ್ಲೇ!" ಎಂದು ಸುವಾರ್ತಾ ಗೋಡೆ ಹಿಡಿದುಕೊಂಡು ನಕ್ಕಳು. ಗಿಜೆಲಾ ನಗಲಿಲ್ಲ, ಬೈಯಲೂ ಇಲ್ಲ. ಒಂದು ಬಟ್ಟೆ ನನ್ನ ಕೈಗೆ ಕೊಟ್ಟು, ಒಂದು ತಾವೂ ಹಿಡಿದು ಮಂಡಿಯೂರಿದರು. ಇಬ್ಬರೂ ಒರೆಸಿದೆವು. ಅವತ್ತಿನಿಂದ ಅವರು ನನ್ನನ್ನು ಹೆಸರು ಹಿಡಿದು ಕರೆಯತೊಡಗಿದರು.

ಹೀಗೆ ಈ ಊರು ನನಗೆ ಸ್ವಲ್ಪ ಸ್ವಲ್ಪವೇ ಸಿಕ್ಕಿತು. ಬ್ರೆಡ್ ಅಂಗಡಿಯಲ್ಲಿ ಕೈ ತೋರಿಸದೆ ಮಾತಿನಲ್ಲೇ ಕೇಳಿ ಪಡೆದ ದಿನ ಮನೆವರೆಗೂ ಆ ವಾಕ್ಯವನ್ನೇ ಹೇಳಿಕೊಂಡು ಬಂದೆ. ಆದರೂ ಮನಸ್ಸು ನಿಲ್ಲುತ್ತಿರಲಿಲ್ಲ. ಹಿರಿಯೂರಿನಲ್ಲಿ ಹೆದ್ದಾರಿಯ ಲಾರಿ ಸದ್ದಿಗೆ ಬೈದುಕೊಂಡು ಓದಿದವಳು ಇಲ್ಲಿ ಭಾನುವಾರದ ಮೌನ ತಡೆಯಲಾರದೆ ಹೊಳೆಯ ದಾರಿಯಲ್ಲಿ ಹೋಗಿ ಬಂದು, ಮತ್ತೆ ಹೋಗಿ ಬಂದು ಮಾಡುತ್ತಿದ್ದೆ.

ಚಳಿ ತಗ್ಗುವ ಹೊತ್ತಿಗೆ ನಮ್ಮ ತರಗತಿಯ ಮುಖ್ಯಸ್ಥೆ ಮಾರ್ಟಿನಾ ಒಂದು ವಿಷಯ ಹೇಳಿದರು. ಹಲವು ದೇಶಗಳಿಂದ ಬಂದ ನಮ್ಮೆಲ್ಲರಲ್ಲಿ ಒಬ್ಬರು ಇನ್ನೊಂದು ವರ್ಷ ಇಲ್ಲೇ ಓದಬಹುದು. ಅದಕ್ಕೆ ಪ್ರತಿಯಾಗಿ ಅವರು ಸುತ್ತಲಿನ ಚರ್ಚುಗಳ ಸಭೆಗಳಿಗೆ ಹೋಗಿ ತಮ್ಮ ಸಾಕ್ಷಿ ಹೇಳಬೇಕು. ದೇವರು ತಮ್ಮ ಬಾಳಿನಲ್ಲಿ ಮಾಡಿದ್ದನ್ನು ಎದ್ದು ನಿಂತು ಹೇಳುವುದಕ್ಕೆ ಸಾಕ್ಷಿ ಎನ್ನುತ್ತೇವೆ. ಹಿರಿಯೂರಿನ ಸಭೆಯಲ್ಲಿ ನಾನು ಒಮ್ಮೆಯೂ ಎದ್ದು ನಿಂತವಳಲ್ಲ.

"ನಂಗೆ ಬ್ಯಾಡಮ್ಮ," ಎಂದಳು ಸುವಾರ್ತಾ. "ಈ ಬ್ರೆಡ್ ತಿಂದೂ ತಿಂದೂ ನಾಲಿಗೆ ಸತ್ತೋಗೈತೆ. ನೀನಿರು. ನಿಂಗೆ ಇಲ್ಲಿ ಸರಿ ಹೋಗೈತೆ, ನಂಗೊತ್ತು."

ಅವಳಿಗೆ ಗೊತ್ತಿದ್ದದ್ದು ನಿಜ. ನನಗೆ ಇಲ್ಲೇ ಇರಬೇಕಿತ್ತು. ಮಾರ್ಟಿನಾರ ಕೋಣೆಗೆ ಹೋಗಿ ಅಮ್ಮನ ಕಥೆ ಹೇಳಿದೆ. ಅಮ್ಮ ಹೊಸದುರ್ಗ ತಾಲ್ಲೂಕಿನ ಮತ್ತೋಡಿನ ಕುರಿ ಸಾಕುವ ಮನೆಯ ಮಗಳು. ನರ್ಸ್ ತರಬೇತಿಯ ಕಾಲದಲ್ಲಿ ಯೇಸುವನ್ನು ನಂಬಿದರು, ಚರ್ಚಿನಲ್ಲಿ ಮದುವೆಯಾದರು. ಅವರ ಅಣ್ಣ, ನನ್ನ ಈರಣ್ಣ ಮಾವ, "ನಮ್ಮನೆ ಹೊಸ್ಲು ತುಳೀಬ್ಯಾಡ" ಎಂದುಬಿಟ್ಟರು. ಎಷ್ಟೋ ವರ್ಷ ಮಾತಿರಲಿಲ್ಲ.

"ಇಲ್ಲಿಗೆ ನಿಲ್ಲಿಸು," ಎಂದರು ಮಾರ್ಟಿನಾ. ಅವರ ಕಣ್ಣು ಒದ್ದೆಯಾಗಿತ್ತು. "ಇದು ಜನರ ಮನಸ್ಸಿಗೆ ನಾಟುತ್ತದೆ."

"ಆದರೆ ಮಾವ ಆಮೇಲೆ ಬಂದರು."

"ಹೇಗೆ?"

ಅದು ನಾನು ಯಾರಿಗೂ ಹೇಳುವ ವಿಷಯವಾಗಿರಲಿಲ್ಲ.

ನಮ್ಮ ಕಡೆ ಹುಡುಗಿ ಮೈನೆರೆದಾಗ ಸೋದರಮಾವನೇ ಬಂದು ಹಸಿರು ಗರಿಯ ಗುಡ್ಲು ಹಾಕಬೇಕು, ಅವಳನ್ನು ಅದರಲ್ಲಿ ಕೂರಿಸಿ ಆರತಿ ಮಾಡಬೇಕು. ನಮ್ಮ ಮನೆಯಲ್ಲಿ ಅದನ್ನೆಲ್ಲ ಬಿಟ್ಟಿದ್ದರು. ಸುದ್ದಿ ಮತ್ತೋಡಿಗೆ ಹೇಗೆ ಮುಟ್ಟಿತೋ, ಒಂದು ಬೆಳಿಗ್ಗೆ ಮಾವ ತೆಂಗಿನ ಗರಿಯ ಹೊರೆ ಹೊತ್ತು ಬಸ್ಸಿಳಿದು ನಮ್ಮ ಗೇಟಿನ ಮುಂದೆ ನಿಂತಿದ್ದರು. ಅಮ್ಮ ಬಾಗಿಲಿಗೆ ಬಂದು, "ತೆಂಗಿನ ತೋಟ ತುಂಬಿರೋ ಹಿರಿಯೂರಿಗೆ ಗರಿ ಹೊತ್ಕಂಡ್ ಬಂದಿಯಲ್ಲಣ್ಣ!" ಎಂದರು.

"ನಿಮ್ಮೂರ ಗರಿ ನಿಮ್ಮತ್ರನೇ ಇರ್ಲಿ. ಸೋದರಮಾವ ಬರಿಗೈಲಿ ಬರ್ತಾನೇನು?"

ಅಪ್ಪ ಒಂದು ಕುರ್ಚಿ ತಂದು ಹಾಕಿದರು. ಮಾವ ಕೂರಲಿಲ್ಲ. ಹಿತ್ತಲಿಗೆ ಹೋಗಿ ಗುಡ್ಲು ಕಟ್ಟಿದರು. ನಾನು ಅದರಲ್ಲಿ ಸಾಯುವಷ್ಟು ಸಂಕೋಚದಿಂದ ಕೂತೆ. ಹೊರಗೆ ಅಣ್ಣ ತಂಗಿ ಒಬ್ಬರನ್ನೊಬ್ಬರು ಬೈದುಕೊಂಡು ಅಳುತ್ತಿದ್ದರು.

ಮುಂದಿನ ಭಾನುವಾರ ಚರ್ಚಿನ ಪಕ್ಕದ ಹಾಲ್‌ನಲ್ಲಿ, ಕಾಫಿ ಆದ ಮೇಲೆ, ನನ್ನನ್ನು ಮುಂದಕ್ಕೆ ಕರೆದರು. ಕಥೆ ಹೇಳುತ್ತಾ, ಮಾರ್ಟಿನಾ ನಿಲ್ಲಿಸಲು ಹೇಳಿದ್ದ ಜಾಗಕ್ಕೆ ಬಂದೆ. ಹೊಸ್ತಿಲು ತುಳಿಯಬೇಡ ಎಂಬ ಮಾತಿಗೆ ಜನ ನಿಟ್ಟುಸಿರು ಬಿಟ್ಟರು. ಆ ನಿಟ್ಟುಸಿರು ಕೇಳಿದಾಗ, ಈ ಹಾಲ್‌ನಲ್ಲಿರುವ ಎಲ್ಲರ ಪಾಲಿಗೂ ನನ್ನ ಮಾವ ಒಬ್ಬ ಕೆಟ್ಟ ಮನುಷ್ಯನಾಗಿಯೇ ಉಳಿಯುತ್ತಾರೆ ಎಂದು ನನಗನಿಸಿತು. ಅಲ್ಲಿಗೇ ನಿಲ್ಲಿಸಿದ್ದರೆ ಆ ಇನ್ನೊಂದು ವರ್ಷ ನನ್ನದಾಗುತ್ತಿತ್ತು. ನಾನು ಮುಂದುವರಿಸಿದೆ. ಮೈನೆರೆಯುವುದಕ್ಕೆ ಜರ್ಮನ್ ಪದ ಗೊತ್ತಿರಲಿಲ್ಲ. ಅದೊಂದಕ್ಕೆ ಇಂಗ್ಲಿಷ್ ಬಳಸಿದೆ. ಗರಿಯ ಹೊರೆ, ಕುರ್ಚಿ, ಅಳು ಎಲ್ಲವನ್ನೂ ಹೇಳಿದೆ. ಗಂಡಸರು ಕಾಫಿ ಬಟ್ಟಲು ನೋಡುತ್ತಿದ್ದರು. ಗಿಜೆಲಾ ಮಾತ್ರ ನನ್ನ ಮುಖದಿಂದ ಕಣ್ಣು ಕೀಳಲಿಲ್ಲ.

ಎಲ್ಲರೂ ಹೋದ ಮೇಲೆ ಮಾರ್ಟಿನಾ ಮೆಲ್ಲಗೆ ಕೇಳಿದರು, "ಆ ಗುಡಿಸಲಿನ ಭಾಗ ಬಿಡಬಹುದಲ್ಲ? ಹುಡುಗಿಯನ್ನು ಹಾಗೆ ಕೂರಿಸುವುದು ಕತ್ತಲೆಯ ಪದ್ಧತಿಯಲ್ಲವೇ? ಜನ ಗೊಂದಲಗೊಳ್ಳುತ್ತಾರೆ."

"ನನಗೂ ಆ ಪದ್ಧತಿ ಇಷ್ಟವಿಲ್ಲ. ಆದರೆ ಅದನ್ನು ಬಿಟ್ಟರೆ ಮಾವ ಗೇಟಿನ ಆಚೆಯೇ ಉಳಿಯುತ್ತಾರೆ."

"ಇಲ್ಲಿ ಯಾರಿಗೂ ನಿನ್ನ ಮಾವ ಗೊತ್ತಿಲ್ಲ."

"ನನಗೆ ಗೊತ್ತು."

ಅವರು ಕೋಪಿಸಿಕೊಳ್ಳಲಿಲ್ಲ. ಯೋಚಿಸಲು ಒಂದು ವಾರ ಕೊಟ್ಟರು. ವಾರದ ಕೊನೆಗೂ ನಾನು ಅದನ್ನೇ ಹೇಳಿದೆ. ಆ ವರ್ಷದ ಅವಕಾಶ ಕೀನ್ಯಾದ ಸಹಪಾಠಿಯೊಬ್ಬನಿಗೆ ಹೋಯಿತು. ಅವತ್ತು ನಾನು ಬಾಗಿಲು ಹಾಕಿಕೊಂಡು ಅತ್ತೆ. ಮಾವನಿಗಾಗಿ ಅಲ್ಲ, ಕೈತಪ್ಪಿದ ಆ ವರ್ಷಕ್ಕಾಗಿ.

ಊರಿಗೆ ಬರುತ್ತಿದ್ದೇನೆ ಎಂದು ಫೋನ್ ಮಾಡಿದಾಗ ಮಾವ ನಮ್ಮ ಮನೆಗೇ ಬಂದಿದ್ದರು. ಅಮ್ಮನ ಕೈಯಿಂದ ಫೋನ್ ಕಿತ್ತುಕೊಂಡರು.

"ಯಾಕವ್ವ, ಇನ್ನೊಂದು ವರ್ಷ ಇರ್ತಾಳೆ ಅಂದಿದ್ಲು ನಿಮ್ಮವ್ವ?"

"ಆಗ್ಲಿಲ್ಲ ಮಾವ."

"ಅಲ್ಲಿ ಎಲ್ಲಾರ ಮುಂದೆ ಮಾತಾಡಿದ್ಯಂತೆ. ನನ್ ಇಸ್ಯ ಏನಾರ ಬಂತಾ?"

"ಬಂತು. ನೀವು ಗುಡ್ಲು ಹಾಕಿದ್ದು."

"ಅಯ್ಯೋ, ಅದನ್ಯಾರನ ಪರದೇಶದಾಗೆ ಹೇಳ್ತಾರೇನವ್ವ! ಒಂದೀಟೂ ನಾಚ್ಕೆ ಇಲ್ವಾ?" ಎಂದು ಬೈದು, ನಗುತ್ತಾ ಫೋನ್ ಅಮ್ಮನಿಗೆ ಕೊಟ್ಟರು.

"ಏ, ಪಾಸ್ಟರಯ್ಯ ಕೇಳಿದ್ರು," ಎಂದರು ಅಮ್ಮ. "ಬಂದ ಭಾನ್ವಾರನೇ ನೀನು ಸಾಕ್ಷಿ ಹೇಳ್ಬೇಕಂತೆ. ಇಲ್ಲಾನ್ನಬ್ಯಾಡ, ನಾನು ಹ್ಞೂಂ ಅಂದಿದೀನಿ."

ಸಭೆಯವರು ಏನು ಕೇಳಲು ಕಾದಿದ್ದಾರೆಂದು ನನಗೆ ಗೊತ್ತು. ದೂರದ ದೇಶದಲ್ಲಿ ಒಂಟಿಯಾಗಿದ್ದೆ, ಮನೆಯ ಊಟಕ್ಕೆ ಹಂಬಲಿಸಿದೆ, ದೇವರು ಸುರಕ್ಷಿತವಾಗಿ ಕರೆತಂದ. ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ಅಷ್ಟಕ್ಕೆ ನಿಲ್ಲಿಸಿದರೆ ಎಲ್ಲರೂ ಆಮೆನ್ ಎನ್ನುತ್ತಾರೆ, ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಅಮ್ಮ ಮೊದಲ ಸಾಲಿನಲ್ಲೇ ಕೂತಿರುವಾಗ, ನನಗೆ ಊರಿಗೆ ವಾಪಸ್ ಬರಲು ಮನಸ್ಸಿರಲಿಲ್ಲ ಎಂಬ ಉಳಿದರ್ಧವನ್ನು ಹೇಗೆ ಹೇಳಲಿ?